ಚಮಚ ಇಡುವವರೆಗೆ

ನನ್ನ ಭಾವನ ಮನೆಯಲ್ಲಿ "ಸಾಕು" ಎಂದರೆ ಇನ್ನೊಂದು ಸೌಟು ಬಡಿಸಿ ಎಂದರ್ಥ. ಭಾವ ಉಡುಪಿ ಕಡೆಯವರು, ಕೆನಡಾದ ಬೋಲ್ಟನ್ನಿನ ಗೋದಾಮೊಂದರಲ್ಲಿ ಮ್ಯಾನೇಜರು. ಅಕ್ಕ ಮತ್ತು ನಾನು ಮೈಸೂರಿನವರು. ೨೦೧೬ರಲ್ಲಿ ಮೆಡೋವೇಲಿನ ಆಫೀಸೊಂದರಲ್ಲಿ ಕೆಲಸ ಸಿಕ್ಕಾಗ ನಾನು ಮಿಸ್ಸಿಸಾಗಾದ ಅವರ ಮನೆಯ ಬೇಸ್‌ಮೆಂಟಿಗೆ ಬಂದೆ. ಬಾಡಿಗೆ ಬೇಡವೆಂದರು. ಬಾಡಿಗೆ ಕೊಡದವಳ ಕೋಣೆಗೆ ಬಾಗಿಲು ತಟ್ಟಿ ಬರಬೇಕಾಗಿಲ್ಲ ಎನ್ನುವುದು ನನಗೆ ಆಮೇಲೆ ತಿಳಿಯಿತು.

ಅದಕ್ಕೂ ಮೊದಲು ಎರಡು ವರ್ಷ ಉತ್ತರ ಜರ್ಮನಿಯ ಓಲ್ಡನ್‌ಬರ್ಗಿನಲ್ಲಿ ಎಂ.ಎಸ್ಸಿ. ಓದಿದ್ದೆ. ಅದು ಭಾವನಿಗೆ ನೆನಪಾದದ್ದು, ಮರುವರ್ಷದ ಬೇಸಿಗೆಗೆ ಗೆಳೆಯರ ಸಂಸಾರಗಳ ಜೊತೆ ಜರ್ಮನಿ ಪ್ರವಾಸದ ಮಾತು ಎದ್ದಾಗ. ಮಿಕ್ಕವರಿಗೆ ದಕ್ಷಿಣದ ಕೋಟೆಗಳು ಬೇಕಿದ್ದವು.

"ಕೋಟೆ ನೋಡ್ಲಿಕ್ಕೆ ಅಷ್ಟು ದೂರ ಎಂತಕ್ಕೆ? ಗೋಡೆ ತಿನ್ಲಿಕ್ಕಾಗ್ತದಾ? ಉತ್ತರಕ್ಕೆ ಹೋಗುವ. ಸಮುದ್ರ ಉಂಟು, ಮೀನುಂಟು. ಪುಕ್ಕಟೆ ಗೈಡೂ ಉಂಟು" ಎಂದು ಭಾವ ನನ್ನ ಕಡೆ ಗಲ್ಲ ಎತ್ತಿದರು.

ನಾನು ಬರುವುದಿಲ್ಲ ಎಂದೆ.

"ಬರ್ತಾಳೆ, ಬರ್ತಾಳೆ. ನಾಚಿಕೆ ಅವಳಿಗೆ."

ಪೀಡೆ ತೊಲಗಲಿ ಎಂದು ಊರುಗಳನ್ನು ಹೇಳಿಕೊಟ್ಟೆ. ಓಲ್ಡನ್‌ಬರ್ಗಿನ ಪಕ್ಕದಲ್ಲೇ ಒಂದು ಸರೋವರ. ದಡದಲ್ಲಿ ಹಾವುಮೀನನ್ನು ಹೊಗೆಯಲ್ಲಿ ಬೇಯಿಸಿ ಕೊಡುತ್ತಾರೆ. ಕೈಯಲ್ಲೇ ಸಿಪ್ಪೆ ಸುಲಿದು ತಿನ್ನಬೇಕು, ಆಮೇಲೆ ಬೆರಳಿನ ಜಿಡ್ಡಿಗೆ ನೀರಲ್ಲ, ಧಾನ್ಯದ ಸಾರಾಯಿ ಹನಿಸುತ್ತಾರೆ. ಗ್ರೀಟ್‌ಸೀಲ್ ಬಂದರಿನ ದೋಣಿಗಳು ಸಿಗಡಿಯನ್ನು ಕಡಲಲ್ಲೇ ಕುದಿಸಿಕೊಂಡು ಬರುತ್ತವೆ. ದಡದಲ್ಲಿ ಬನ್ನಿನೊಳಗೆ ತುಂಬಿ ಕೊಡುತ್ತಾರೆ. ಹ್ಯಾಂಬರ್ಗಿನ ಆಚೆ ನದಿಯ ಏರಿಗೆ ಒರಗಿದ ಸೇಬಿನ ತೋಟಗಳಿವೆ, ತೋಟದ ಅಂಗಳದಲ್ಲೇ ಸೇಬಿನ ಕೇಕು ಸಿಗುತ್ತದೆ.

"ಮೀನಿಗೆ ಬರೀ ಹೊಗೆಯಾ? ಪಾಪ, ಮೆಣಸು ಕಂಡವರಲ್ಲ. ಒಂದು ಡಬ್ಬಿ ಮೆಣಸಿನ ಹುಡಿ ಹಿಡ್ಕೊಂಡು ಹೋಗುವ. ನೀನು ಅವರ ಭಾಷೆಯಲ್ಲಿ ಹೇಳು ಮಾರಾಯ್ತಿ, ಹೀಗೆ ತಿನ್ಬೇಕು ಅಂತ."

ನನಗೆ ಕಣ್ಣಿಗೆ ಕಟ್ಟಿತು: ಸರೋವರದ ದಡದಲ್ಲಿ ಭಾವ ಹಾವುಮೀನಿಗೆ ಕೆಂಪು ಹುಡಿ ಉದುರಿಸುತ್ತಿದ್ದಾರೆ, ಪಕ್ಕದಲ್ಲಿ ನಿಂತು ನಾನು ಅನುವಾದಿಸುತ್ತಿದ್ದೇನೆ. ಎರಡು ವರ್ಷ ಯಾರೂ ನನ್ನನ್ನು ಏನನ್ನೂ ಕೇಳದೇ ಬಿಟ್ಟ ಜಾಗ ಅದು. ಅಲ್ಲಿಗೆ ಇವರ ಹಿಂದೆ ಬಾಲವಾಗಿ ಹೋಗಲಾರೆ.

"ಆ ಚಹಾದ ಮನೆ ಹೇಳಲೇ ಇಲ್ವಲ್ಲೇ" ಎಂದಳು ಅಕ್ಕ. ಒಂದು ಕಾಲದಲ್ಲಿ ಫೋನಿನಲ್ಲಿ ಅವಳೊಬ್ಬಳಿಗೇ ಹೇಳಿದ್ದೆ.

ಊರಿನ ಹೆಸರು ಮರೆತಿದೆ ಎಂದೆ. ಮರೆತಿರಲಿಲ್ಲ.

ಅದು ಓಲ್ಡನ್‌ಬರ್ಗಿನಿಂದ ಪಶ್ಚಿಮಕ್ಕೆ, ಸಮುದ್ರದ ಏರಿಯ ಹಿಂದೆ ಇದ್ದ ಇಟ್ಟಿಗೆ ಮನೆ. ಏರಿಯ ಮೇಲೆ ಕುರಿ ಮೇಯುತ್ತಿದ್ದವು. ಮುಂದಿನ ಕೋಣೆಯಲ್ಲಿ ಒಬ್ಬ ಮುದುಕಿ ಚಹಾ ಕೊಡುತ್ತಿದ್ದಳು. ಪುಟ್ಟ ಕಪ್, ತಳದಲ್ಲಿ ಕಲ್ಲುಸಕ್ಕರೆಯ ಒಂದು ಗಟ್ಟಿ, ಮೇಲೆ ಬಿಸಿ ಅಸ್ಸಾಂ ಚಹಾ. ಸುರಿದಾಗ ಕಲ್ಲುಸಕ್ಕರೆ ಚಟ್ ಎಂದು ಬಿರಿಯುತ್ತದೆ. ಅಂಚಿನಿಂದ ಕೆನೆ ಇಳಿಸುತ್ತಾರೆ, ಕದಡುವ ಹಾಗಿಲ್ಲ. ಮೊದಲ ಗುಟುಕು ಕೆನೆ, ಆಮೇಲೆ ಕಹಿ, ಕೊನೆಗೆ ಸಿಹಿ. ಮೂರನೆಯ ಕಪ್ ಮುಗಿದಾಗ ನಾನು ಸಾಕು ಎಂದೆ. ಅವಳು ಕಪ್ ನೋಡಿದಳು, ಮತ್ತೆ ಸುರಿದಳು. ಇವಳೂ ನಮ್ಮವರ ಹಾಗೇ ಉಪಚಾರ ಮಾಡುತ್ತಿದ್ದಾಳೆ ಅಂದುಕೊಂಡು, ಮರ್ಯಾದೆಗೆ ಕುಡಿದೆ. ಮತ್ತೆ ಸಾಕು ಎಂದೆ, ಮತ್ತೆ ಸುರಿದಳು. ಹೊಟ್ಟೆ ಉಬ್ಬರಿಸಿತು. ಕೊನೆಗೆ ಪಕ್ಕದ ಮೇಜಿನ ಮುದುಕ ಎದ್ದು ಬಂದು, ನನ್ನ ಬಸಿಯಲ್ಲಿದ್ದ ಚಮಚವನ್ನೆತ್ತಿ ಕಪ್ಪಿನೊಳಗೆ ಇಟ್ಟ. ಮುದುಕಿ ತಕ್ಷಣ ಕೆಟಲ್ ಕೆಳಗಿಟ್ಟಳು. ಅವಳದು ಬಲವಂತವಾಗಿರಲಿಲ್ಲ, ಗುರುತಿಗಾಗಿ ಕಾಯುತ್ತಿದ್ದಳು. ಆ ಸೀಮೆಯಲ್ಲಿ ಚಮಚ ಕಪ್ಪಿನೊಳಗೆ ಬಿದ್ದರೆ ಸಾಕು ಎಂದರ್ಥ, ಮತ್ತೆ ಯಾರೂ ಕೇಳುವುದಿಲ್ಲ. ಮೂರಕ್ಕೆ ಮೊದಲೇ ಇಟ್ಟರೆ ಮಾತ್ರ ಮನೆಯವರಿಗೆ ಅವಮಾನ.

ಮಾರ್ಚಿನ ಒಂದು ಬೆಳಿಗ್ಗೆ ನನ್ನ ಫೋನಿಗೆ ವಿಮಾನದ ಟಿಕೆಟ್ಟು ಬಂತು. ನನ್ನ ಹೆಸರಿನಲ್ಲಿ. ನನ್ನ ಬೀರುವಿನಿಂದ ಪಾಸ್‌ಪೋರ್ಟ್ ತೆಗೆದು ಭಾವನಿಗೆ ಕೊಟ್ಟವಳು ಅಕ್ಕ.

"ನಾನು ಇಲ್ಲ ಅಂದಿದ್ದೆ, ಅಕ್ಕ."

"ನೀನು ಯಾವತ್ತು ಹೂಂ ಅಂದಿದ್ದೀಯ? ಎರಡು ವಾರ ಲೀವ್ ಹಾಕಿದ್ರೆ ನಿನ್ನ ಆಫೀಸೇನು ಬಿದ್ದುಹೋಗತ್ತಾ?"

ಆ ಭಾನುವಾರ ಮಧ್ಯಾಹ್ನ ಪ್ರವಾಸಕ್ಕೆ ಹೊರಟವರೆಲ್ಲ ಊಟಕ್ಕೆ ಬಂದಿದ್ದರು. ಊಟವಾದ ಮೇಲೆ ಭಾವ, "ಅಲ್ಲಿಯ ಚಹಾ ಒಂದು ಮಾಡಿ ತೋರಿಸು. ಸ್ಯಾಂಪಲ್" ಎಂದರು.

ಮಾಡಿದೆ. ಕಲ್ಲುಸಕ್ಕರೆ ದೇವರ ಡಬ್ಬಿಯಲ್ಲಿತ್ತು. ಕದಡಬೇಡಿ, ಬೇಡವಾದಾಗ ಚಮಚ ಒಳಗಿಡಿ, ಅಲ್ಲಿಯವರೆಗೆ ಹಾಕುತ್ತಲೇ ಇರುತ್ತೇನೆ ಎಂದು ಎಲ್ಲರಿಗೂ ಹೇಳಿದೆ. ಅವರಿಗೆ ಮೋಜಾಯಿತು. ಮೂರನೆಯ ಸುತ್ತಿಗೆ ಧಾರವಾಡದ ಒಬ್ಬರು ಚಮಚ ಇಟ್ಟು ಕೈಮುಗಿದರು: "ಚಹಾ ಛಲೋ ಆಗೇದ್ರಿ, ಆದ್ರ ನಾ ಶರಣಾದೆ." ಉಳಿದವರೂ ಒಬ್ಬೊಬ್ಬರಾಗಿ ಇಟ್ಟರು.

"ನನಗೂ ಸಾಕು" ಎಂದರು ಭಾವ. ಸುರಿದೆ.

"ಸಾಕು ಅಂದೆ ಅಲ್ವಾ ಮಾರಾಯ್ತಿ?" ಕುಡಿದಿಟ್ಟರು. ಸುರಿದೆ.

"ಏ, ಕಿವಿ ಕೇಳುದಿಲ್ವಾ?"

"ಬಾಯಿಮಾತು ಲೆಕ್ಕಕ್ಕಿಲ್ಲ, ಭಾವ. ಚಮಚ ಇಡಿ."

ಅವರು ಬಸಿ ನೋಡಿಕೊಂಡರು. "ಎಲ್ಲುಂಟು ಚಮಚ?"

"ನಿಮಗೆ ಇಟ್ಟಿಲ್ಲ."

ತುಂಬಿದ್ದ ಕಪ್ಪಿಗೆ ಮತ್ತೆ ಸುರಿದೆ. ಚಹಾ ಬಸಿಗಿಳಿದು, ಬಸಿಯಿಂದ ಮೇಜಿಗೆ ಹರಿಯಿತು. ಭಾವ ಕುರ್ಚಿ ಹಿಂದಕ್ಕೆ ಸರಿಸಿದರು. ಧಾರವಾಡದವರು ಇನ್ನೂ ಆಟವೆಂದೇ ತಿಳಿದು, "ಹಂಗಾದ್ರ ಬ್ಯಾಡ ಅನ್ನೂದು ಹೆಂಗ್ರಿ ಅವ್ರು?" ಎಂದು ನಕ್ಕರು.

"ನಾನೂ ಅದನ್ನೇ ಕೇಳ್ತಿದ್ದೀನಿ. ಇಷ್ಟು ದಿನದಿಂದ."

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು.

"ನಿಂಗೆ ಎಂತ ಬೇಕು ಈಗ?" ಎಂದರು ಭಾವ, ಮೆಲ್ಲಗೆ.

"ನನ್ನ ಟಿಕೆಟ್ ಕ್ಯಾನ್ಸಲ್ ಮಾಡಿ."

ಅಲ್ಲೇ ಫೋನ್ ತೆಗೆದು ಮಾಡಿದರು. ಕಣ್ಣೆತ್ತದೆ, "ಕಲ್ತವರನ್ನು ಮನೆಯಲ್ಲಿ ಇಟ್ಕೊಂಡ್ರೆ ಇಷ್ಟೇ. ಹಾವಿಗೆ ಹಾಲೆರೆದ ಹಾಗೆ" ಎಂದರು. ಅಕ್ಕ ಬಂದು ಅವರ ಕಪ್ಪಿಗೆ ಒಂದು ಚಮಚ ಹಾಕಿದಳು. ಟಣ್ ಎಂದಿತು.

"ಸಾಕಾ ನಿಂಗೆ?" ಎಂದಳು ನನ್ನ ಕಡೆ ತಿರುಗಿ.

"ಸಾಕು" ಎಂದೆ. ಆ ಮನೆಯಲ್ಲಿ ಆ ಮಾತು ನಡೆದದ್ದು ಅದೊಂದೇ ಸಲ.

ಆ ತಿಂಗಳೇ ಊರಿನ ಇನ್ನೊಂದು ತುದಿಯಲ್ಲಿ, ಬೋಟುಗಳು ನಿಲ್ಲುವ ಪೋರ್ಟ್ ಕ್ರೆಡಿಟ್ಟಿನಲ್ಲಿ ಒಂದು ಕೋಣೆ ಹಿಡಿದೆ. ಅವರು ಬೇಸಿಗೆಯಲ್ಲಿ ಉತ್ತರಕ್ಕೇ ಹೋಗಿ ಬಂದರು. ಹಾವುಮೀನಿಗೆ ಖಾರವಿಲ್ಲ, ಜನಕ್ಕೆ ಮಾತಿಲ್ಲ ಎಂದು ಭಾವ ಎಲ್ಲರಿಗೂ ಹೇಳಿದರಂತೆ. ಚಹಾದ ಮನೆ ಅವರಿಗೆ ಸಿಗಲಿಲ್ಲ. ಸಂತೋಷ.

ಅಕ್ಕ ಬಂದದ್ದು ೨೦೧೯ರಲ್ಲಿ, ಒಬ್ಬಳೇ. ಕಿಟಕಿಯ ಹತ್ತಿರ ಕೂತು, ಚಳಿಗಾಲಕ್ಕೆಂದು ಬೋಟುಗಳಿಗೆ ಟಾರ್ಪಾಲು ಹೊದಿಸುವುದನ್ನು ನೋಡಿದಳು. ಕೋಟು ಬಿಚ್ಚಲಿಲ್ಲ. ನಾನು ಕಲ್ಲುಸಕ್ಕರೆ ಹಾಕಿ, ಚಹಾ ಸುರಿದು, ಕೆನೆ ಬಿಟ್ಟೆ. ಇಬ್ಬರ ಬಸಿಗೂ ಚಮಚ ಇಟ್ಟೆ. ಮೂರು ಕಪ್‌ನ ಮಾತು ಅವಳಿಗೆ ಗೊತ್ತಿತ್ತು. ಹಿಂದೆ ಫೋನಿನಲ್ಲಿ ಕೇಳಿ ಬಹಳ ನಕ್ಕಿದ್ದಳು. ಮೊದಲ ಕಪ್ ಕದಡದೆ ಕುಡಿದಳು, ತಳದ ಸಿಹಿಯವರೆಗೂ. ನಾನು ಕೆಟಲ್ ಎತ್ತಿದೆ.

ಅವಳು ಚಮಚವನ್ನು ಕಪ್ಪಿನೊಳಗೆ ಇಟ್ಟಳು.

ನಾನು ಮತ್ತೆ ಕೇಳಲಿಲ್ಲ. ಕೆಟಲ್ ಕೆಳಗಿಟ್ಟೆ.