ಅಕ್ಕನ ಬೆರಳು, ಶ್ರಾವಣದ ಮಾತ್ರೆ

ಅಕ್ಕ ಹಿತ್ತಲಿನ ಪಪ್ಪಾಯಿ ಗಿಡ ಕಡಿಸಿದ್ದಕ್ಕೆ ನಾನೇ ಕಾರಣ ಎಂದು ಭಾವ ಇವತ್ತಿಗೂ ಹೇಳುತ್ತಾರೆ. ವರ್ಷವಿಡೀ ಕಾಯಿ ಬಿಡುತ್ತಿದ್ದ ಗಿಡ. ನಾನು ಪಾಠ ಹೇಳಿದೆ, ಅಕ್ಕ ಪಾಠ ಕೇಳಿದಳು, ಗಿಡ ಹೋಯಿತು. ನಾನು ಕಾರವಾರದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವವಳು; ಮನೆ ಹಬ್ಬುವಾಡದಲ್ಲಿ. ಅಕ್ಕ ಮದುವೆಯಾಗಿ ಹೋದದ್ದು ಅಂಕೋಲೆಯ ಬಾಳೆಗುಳಿ ಹತ್ತಿರದ ಬೇಸಾಯದ ಮನೆಗೆ. ನಮ್ಮಿಬ್ಬರ ತವರು ಹಣಕೋಣ. ಅಪ್ಪ, ಅಮ್ಮ ಹೋದ ಮೇಲೆ ನನಗೆ ಅಕ್ಕನ ಮನೆಯೇ ತವರಾಯಿತು. ರಜೆ ಸಿಕ್ಕರೆ ಬಸ್ಸು ಹತ್ತಿ ಬಾಳೆಗುಳಿ ಕ್ರಾಸಿನಲ್ಲಿ ಇಳಿಯುತ್ತಿದ್ದೆ.

ಕಾಯಿಲೆ ಶುರುವಾದದ್ದು ಕೈಬೆರಳಿನ ಗೆಣ್ಣುಗಳಿಂದ. ಬೆಳಗ್ಗೆ ಎದ್ದರೆ ಅಕ್ಕನಿಗೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಬಿಸಿನೀರಲ್ಲಿ ಕೈ ಅದ್ದಿಕೊಂಡು ಕೂತು, ಹೊತ್ತು ಏರಿದ ಮೇಲೆ ಬೆರಳುಗಳು ಸಡಿಲವಾಗುತ್ತಿದ್ದವು. ಈಳಿಗೆ ಮೇಲೆ ಕೂತು ತೆಂಗಿನಕಾಯಿ ತುರಿಯುವಾಗ ಹೋಳು ಕೈಜಾರಿ ಉರುಳಿಹೋಗುತ್ತಿತ್ತು. ಮನೆಯಲ್ಲಿ ಎಲ್ಲರೂ ವಾಯು ಎಂದರು. ಎಣ್ಣೆ ತಿಕ್ಕಿದರು, ಉಪ್ಪಿನ ಗಂಟು ಕಾಸಿ ಶಾಖ ಕೊಟ್ಟರು, ಬದನೆಕಾಯಿ ಬಿಡಿಸಿದರು. ಬಂಗಡೆ ಮೀನು ನಂಜು ಎಂದು ಅದನ್ನೂ ಬಿಡಿಸಿದರು. ನಮ್ಮ ಕಡೆ ನಂಜು ಎಂದರೆ ಗಾಯ ಒಣಗಲು ಬಿಡದ, ಊತ ಏರಿಸುವ ಆಹಾರ. ಯಾವ ನೋವು ಬಂದರೂ ಮೊದಲು ಗೂಬೆ ಕೂರುವುದು ಮೀನಿನ ಮೇಲೆ. ಬಂಗಡೆ ಬಿಟ್ಟ ಅಕ್ಕ ಬಡಕಲಾದಳು, ಗೆಣ್ಣುಗಳು ಮಾತ್ರ ದಪ್ಪವಾಗುತ್ತ ಹೋದವು. ಸೋಪು ಹಚ್ಚಿದರೂ ಮದುವೆಯ ಉಂಗುರ ಹೊರಬರದೆ ಅಕ್ಕಸಾಲಿಯ ಹತ್ತಿರ ಕತ್ತರಿಸಿ ತೆಗೆಸಿದರು. ಆಗ ನಾನು ಜಗಳ ಆಡಿ ಅವಳನ್ನು ಕಾರವಾರಕ್ಕೆ ಕರೆತಂದೆ.

ಕೀಲುರೋಗದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಬೆರಳೆಲುಬುಗಳ ಅಂಚು ಇಲಿ ಕಚ್ಚಿದ ರೊಟ್ಟಿಯ ಹಾಗಿತ್ತು. ಇದು ವಯಸ್ಸಿನ ಸವೆತ ಅಲ್ಲ, ರುಮಟಾಯ್ಡ್ ಸಂಧಿವಾತ ಎಂದರು. ಇನ್ನೂ ಮೊದಲೇ ಬರಬೇಕಿತ್ತು ಎಂದು ಇಂಗ್ಲಿಷಿನಲ್ಲಿ ನನಗೊಬ್ಬಳಿಗೇ ಹೇಳಿದರು.

ಕೀಲಿನ ಒಳಮೈಗೆ ತೆಳ್ಳನೆಯ ಒಂದು ಪೊರೆ ಇರುತ್ತದೆ. ಕೀಲು ಸಲೀಸಾಗಿ ಆಡಲು ಬೇಕಾದ ದ್ರವವನ್ನು ಒಸರಿಸುವುದು ಅದರ ಕೆಲಸ. ಈ ರೋಗದಲ್ಲಿ ದೇಹದ ಕಾವಲು ಪಡೆ ಸ್ವಂತ ಮನೆಯನ್ನೇ ಶತ್ರುವಿನ ಮನೆ ಎಂದು ತಿಳಿದು ಆ ಪೊರೆಗೆ ನುಗ್ಗುತ್ತದೆ. ಪೊರೆ ಊದಿ ದಪ್ಪವಾಗಿ, ಗದ್ದೆಗೆ ಕಳೆ ನುಗ್ಗಿದ ಹಾಗೆ ಎಲುಬಿನ ತುದಿಯ ಮೃದ್ವಸ್ಥಿಯ ಮೇಲೆ ಹಬ್ಬುತ್ತದೆ. ಹಬ್ಬಿದಲ್ಲೆಲ್ಲ ಕಿಣ್ವಗಳನ್ನು ಸುರಿಸುತ್ತದೆ. ಒಡಲಲ್ಲಿ ಸತುವಿನ ಕಣ ಇಟ್ಟುಕೊಂಡಿರುವ ಈ ಕಿಣ್ವಗಳು ಕೊಲಾಜಿನ್ ಎಂಬ ಗಟ್ಟಿ ನಾರನ್ನೂ ಕತ್ತರಿಸಬಲ್ಲವು. ಹಾಗೆಂದು ಅವು ಹೊರಗಿನಿಂದ ಬಂದ ಕಳ್ಳರೇನೂ ಅಲ್ಲ. ಗಾಯ ಮಾಯುವಾಗ ಹಾಳಾದ ಅಂಗಾಂಶವನ್ನು ತೆಗೆದು ಜಾಗ ಮಾಡಿಕೊಡುವುದು, ಮಕ್ಕಳ ಎಲುಬು ಬೆಳೆಯುವಾಗ ಹಳೆಯದನ್ನು ಬಿಚ್ಚುವುದು ಇವೇ. ಕೆಲಸ ಮುಗಿದ ಮೇಲೆ ಅವನ್ನು ತಡೆದು ಕೂರಿಸುವ ಬೇರೆ ಪ್ರೋಟೀನುಗಳೂ ದೇಹದಲ್ಲಿ ಇರುತ್ತವೆ. ಅಕ್ಕನ ಕೈಯಲ್ಲಿ ಕತ್ತರಿಸುವವರು ಹೆಚ್ಚಾಗಿ, ತಡೆಯುವವರು ಸಾಲದೆ ಹೋಗಿದ್ದರು. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಬೋರ್ಡಿನ ಮೇಲೆ ಕತ್ತರಿಯ ಚಿತ್ರ ಬರೆದು ಹುಡುಗಿಯರನ್ನು ನಗಿಸಿದ್ದೇನೆ. ಅವತ್ತು ಆ ಎಕ್ಸ್‌ರೇಯನ್ನು ಅಕ್ಕನಿಗೆ ಕಾಣದ ಹಾಗೆ ಚೀಲದೊಳಗೆ ಇಟ್ಟುಕೊಂಡೆ.

ಡಾಕ್ಟರು ಹೇಳಿದ್ದು ಅಕ್ಕನ ತಲೆಗೆ ಹೋಗಿರಲಿಲ್ಲ. ಹಬ್ಬುವಾಡದ ಮನೆಗೆ ಬಂದು ಚಹಾ ಕುಡಿಯುತ್ತ ಕೇಳಿದಳು.

"ನನ್ನ ಕೈಯೊಳಗೆ ಎಂತಾ ಆಗ್ತದೆ ಹೇಳಿ ನಂಗೆ ತಿಳಿಯೂ ಹಾಂಗೆ ಹೇಳು ಮಾರಾಯ್ತಿ."

"ಮುದಿ ಹುಂಜ ಬೇಯದಿದ್ರೆ ನೀನು ಎಂತ ಮಾಡ್ತಿ?" ಎಂದೆ.

"ಕಾಯಿ ಪಪ್ಪಾಯಿ ಒಂದು ತುಂಡು ಅರೆದು ಹಚ್ಚಿಡ್ತೆ. ನಾರೆಲ್ಲ ಬಿಟ್ಕಂಡು ಮೆತ್ತಗಾಗ್ತದೆ."

"ಪಪ್ಪಾಯಿ ಹಾಲಿನಲ್ಲಿ ಇರೂದು ಒಂದು ಕಿಣ್ವ. ಅಂಥದ್ದೇ ಬೇರೆ ಜಾತಿಯದು ನಿನ್ನ ಗೆಣ್ಣಿನೊಳಗೆ ನಾರು ಬಿಡಿಸ್ತಾ ಇದೆ."

ಅಕ್ಕ ಕೈ ಮಗುಚಿ ಮಗುಚಿ ನೋಡಿಕೊಂಡಳು. ಊರಿಗೆ ಹೋದವಳೇ ಪಪ್ಪಾಯಿ ಗಿಡ ಕಡಿಸಿದಳು. ತಿಂದ ಪಪ್ಪಾಯಿ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ, ಗೆಣ್ಣಿಗೆ ಹೋಗುವುದಿಲ್ಲ ಎಂದು ನಾನು ಫೋನಿನಲ್ಲಿ ಗಂಟಲು ಹರಿದುಕೊಂಡೆ. "ಹೋದ್ರೆ ಹೋಗ್ಲಿ ಬಿಡು, ಗಿಡ ಅಲಾ," ಎಂದಳು.

ಡಾಕ್ಟರು ಕೊಟ್ಟದ್ದು ಮೆಥೋಟ್ರೆಕ್ಸೇಟ್, ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ. ಅದು ಕಾವಲು ಪಡೆಯ ಅಬ್ಬರ ಇಳಿಸುತ್ತದೆ. ಅಬ್ಬರ ಇಳಿದರೆ ಪೊರೆ ಕಿಣ್ವ ಸುರಿಸುವುದೂ ಇಳಿಯುತ್ತದೆ. ಹಿಡಿಯಲು ತಿಂಗಳುಗಟ್ಟಲೆ ಬೇಕು. ಯಾವ ದಿನ ತಗೊಳ್ಳುತ್ತೀರಿ ಎಂದು ಡಾಕ್ಟರು ಕೇಳಿದಾಗ ಅಕ್ಕ ಯೋಚಿಸದೆ ಸೋಮವಾರ ಎಂದಿದ್ದಳು. ಸೋಮವಾರ ಅವಳ ಮನೆಯಲ್ಲಿ ಮೀನಿಲ್ಲ. ಮರೆಯದಿರಲು ಒಳ್ಳೆಯ ಉಪಾಯ ಎಂದು ಡಾಕ್ಟರು ಮೆಚ್ಚಿಕೊಂಡರು. ಅಕ್ಕನ ತಲೆಯಲ್ಲಿ ಇದ್ದದ್ದು ಬೇರೆ. ಮೀನು ಬೀಳದ ಹೊಟ್ಟೆಯಲ್ಲಿ ನಂಜಿಲ್ಲ, ನಂಜಿಲ್ಲದ ದಿನವೇ ಔಷಧಿ ಮೈಗೆ ಹಿಡಿಯುವುದು, ಅದಕ್ಕೇ ವಾರಕ್ಕೊಂದು ದಿನ ಎಂದು ಅವಳು ತನಗೆ ತಾನೇ ಅರ್ಥ ಮಾಡಿಕೊಂಡಿದ್ದಳು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ, ಎಲ್ಲರಿಗೂ ಗೊತ್ತಿರುವುದೇ ಎಂದು ಅವಳ ಎಣಿಕೆ.

ಅವಳಿಗೆ ಕೈ ಬೇಕಾಗಿದ್ದುದು ಚೌತಿಗೆ. ನಮ್ಮ ಕಡೆ ಗಣಪತಿಯ ಮುಂದೆ ನೆವ್ರಿ ಇಡದೆ ಚೌತಿ ಆಗುವುದಿಲ್ಲ. ಲಟ್ಟಿಸಿದ ಹಿಟ್ಟಿನ ಹಾಳೆಯೊಳಗೆ ಕೊಬ್ಬರಿ, ಎಳ್ಳು, ಬೆಲ್ಲದ ಹೂರಣ ತುಂಬಿ, ಅರ್ಧಚಂದ್ರದ ಹಾಗೆ ಮಡಚಿ, ಅಂಚು ಮುಚ್ಚಿ ಎಣ್ಣೆಯಲ್ಲಿ ಕರಿಯುತ್ತಾರೆ. ಅಂಚು ಮುಚ್ಚುವುದರಲ್ಲಿ ನಮ್ಮ ಅಮ್ಮನದು ಅವಳದೇ ಒಂದು ಕೈ. ಹೆಬ್ಬೆರಳ ತುದಿಯಿಂದ ಅಂಚನ್ನು ಚಿವುಟಿ, ತುಸು ಎಳೆದು, ಹಿಂದಿನ ಮಡಿಕೆಯ ಮೇಲೆ ಮಗುಚಿ ಒತ್ತುತ್ತಿದ್ದಳು. ಸಣ್ಣ ಜಡೆ ಹೆಣೆದ ಹಾಗೆ ಕಾಣುತ್ತಿತ್ತು. ಎಣ್ಣೆಗೆ ಬಿಟ್ಟರೆ ಒಂದೂ ಬಾಯಿ ಬಿಡುತ್ತಿರಲಿಲ್ಲ. ಅಕ್ಕ ಅದನ್ನು ಕಲಿತಳು. ನಾನು ಪುಸ್ತಕ ಹಿಡಿದು ಮೂಲೆಯಲ್ಲಿ ಕೂತು, ಕರಿದದ್ದನ್ನು ತಿನ್ನುವ ಕೆಲಸ ವಹಿಸಿಕೊಂಡಿದ್ದೆ. ಅಮ್ಮ ಹೋದ ಮೇಲೆ ಆ ಮಡಿಕೆ ಉಳಿದದ್ದು ಅಕ್ಕನ ಬೆರಳುಗಳಲ್ಲಿ ಮಾತ್ರ. ಹಿಂದಿನ ಚೌತಿಯಲ್ಲಿ ಆ ಬೆರಳು ಬಗ್ಗಲಿಲ್ಲ. ಅಕ್ಕನ ಸೊಸೆ ಪ್ಲಾಸ್ಟಿಕ್ ಅಚ್ಚು ತಂದು ನೆವ್ರಿ ಮಾಡಿದಳು, ಚೆನ್ನಾಗಿಯೇ ಮಾಡಿದಳು. ಅಕ್ಕ ಒಂದನ್ನೂ ಬಾಯಿಗಿಡಲಿಲ್ಲ. ಬಚ್ಚಲಿನ ಹತ್ತಿರ ನಿಂತು ಅತ್ತದ್ದನ್ನು ನಾನು ನೋಡಿದೆ.

ಮಾತ್ರೆ ನಿಧಾನಕ್ಕೆ ಹಿಡಿಯತೊಡಗಿತ್ತು. ಮಳೆಗಾಲ ಹಿಡಿಯುವ ಹೊತ್ತಿಗೆ ಅವಳು ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿಯುವಂತಾದಳು. ಅಷ್ಟರಲ್ಲಿ ಶ್ರಾವಣ ಬಂತು. ಶ್ರಾವಣ ಬಂದರೆ ಚೌತಿಯವರೆಗೆ ಅವಳ ಮನೆಯೊಳಗೆ ಮೀನು ಕಾಲಿಡುವಂತಿಲ್ಲ.

ಫೋನಿನಲ್ಲಿ ಅಕ್ಕನ ಮಾತು ತೊದಲುತ್ತಿತ್ತು. ಬಾಯೆಲ್ಲ ಹುಣ್ಣು, ಉಷ್ಣ ಹೆಚ್ಚಾಗಿದೆ, ಭಾವ ತಂಪಿಗೆ ಮುರುಗಲ ಹಣ್ಣಿನ ಪಾನಕ ಮಾಡಿಸಿ ಕೊಡುತ್ತಿದ್ದಾರೆ ಎಂದಳು. ಶ್ರಾವಣದ ಮಳೆ ಸುರಿಯುತ್ತಿರುವಾಗ ಇದೆಂಥ ಉಷ್ಣ ಎಂದು ನನಗೆ ಸಂಶಯ ಬಂತು. ರಜೆ ಹಾಕಿ ಹೊರಟೆ. ಬಾಳೆಗುಳಿಯಲ್ಲಿ ಇಳಿದು ಮಳೆಯಲ್ಲೇ ನಡೆದೆ.

ಅಕ್ಕ ಚಾಪೆಯ ಮೇಲೆ ಮಲಗಿದ್ದಳು. ತುಟಿ ಒಡೆದು ಕೆಂಪಾಗಿತ್ತು. ಗಂಜಿಯ ತಿಳಿ ನುಂಗಲೂ ಕಣ್ಣಲ್ಲಿ ನೀರು. ಮೈ ಕಾದಿತ್ತು, ತೋಳಿನ ಮೇಲೆ ಯಾರೂ ಹೊಡೆಯದೆ ಕಂದಿದ ಕಲೆಗಳು. ನಾನು ಮಾತ್ರೆಯ ಡಬ್ಬಿ ತೆರೆದೆ. ಖಾಲಿ ಪಟ್ಟಿಗಳು ತುಂಬಿದ್ದವು.

"ಇದನ್ನೆಲ್ಲ ಯಾವಾಗ ತಗೊಂಡೆ ಅಕ್ಕಾ?"

"ಶ್ರಾವಣ ಅಲಾ," ಎಂದಳು, ನಿಲ್ಲಿಸಿ ನಿಲ್ಲಿಸಿ. "ಮೀನಿಲ್ಲ, ನಂಜಿಲ್ಲ. ದಿನಾ ತಕಂಡ್ರೆ ಚೌತಿಯೊಳಗೆ ಕೈ ಬರ್ತದೆ ಹೇಳಿ ದಿನಾ ತಕಂಡೆ." ಹೇಳುವಾಗ ಅವಳ ಮುಖದಲ್ಲಿ ಸಣ್ಣ ಹೆಮ್ಮೆ ಇತ್ತು, ಕಷ್ಟಪಟ್ಟು ವ್ರತ ಮುಗಿಸಿದವರಿಗೆ ಇರುವಂಥದ್ದು.

ನನಗೆ ಸಿಟ್ಟು ನೆತ್ತಿಗೇರಿತು. ಹೆದರಿದಾಗ ನನಗೆ ಬರುವುದು ಸಿಟ್ಟೇ. ಭಾವನ ಮೇಲೆ ಕೂಗಾಡಿದೆ, ಅಂಗಡಿಯಿಂದ ಕೇಳಿದಷ್ಟು ಮಾತ್ರೆ ತಂದುಕೊಟ್ಟಿದ್ದೀರಲ್ಲ ಎಂದು. ಪಾಪ, ಅವರು ಕೊಡೆ ಹಿಡಿದು ಗಾಡಿ ಹುಡುಕಲು ಓಡಿದರು. ಕಾರವಾರದ ದಾರಿಯುದ್ದಕ್ಕೂ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ವಾರದ ಮಾತ್ರೆ ದಿನವೂ ಬಿದ್ದರೆ ಅದು ಎಲುಬಿನ ಮಜ್ಜೆಯಲ್ಲಿ ರಕ್ತ ಹುಟ್ಟುವುದನ್ನೇ ನಿಲ್ಲಿಸುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದ ಭಾವ ಮುಂದಿನ ಸೀಟಿನಿಂದ ತಿರುಗಿ, "ಉಷ್ಣ ಇಳಿದ್ರೆ ಸರಿ ಆಗ್ತದೆ ಅಲಾ?" ಎಂದು ಮತ್ತೆ ಮತ್ತೆ ಕೇಳಿದರು. ಹೂಂ ಎಂದೆ.

ಆಸ್ಪತ್ರೆಯಲ್ಲಿ ಮಾತ್ರೆಯ ವಿಷ ಇಳಿಸುವ ಇಂಜೆಕ್ಷನ್ ಕೊಟ್ಟರು, ರಕ್ತ ಕೊಟ್ಟರು. ಬಿಳಿ ರಕ್ತಕಣ ತೀರಾ ಇಳಿದಿದೆ, ಈಗಲೇ ಏನೂ ಹೇಳುವ ಹಾಗಿಲ್ಲ ಎಂದರು. ಭಾವ ಹೊರಗಿನ ಬೆಂಚಿನ ಮೇಲೆ ಕೂತೇ ಇದ್ದರು. ಸೊಸೆ ನನ್ನ ಮನೆಯಿಂದ ಗಂಜಿ ತಂದು, ವಾಪಸು ಒಯ್ದು, ಮತ್ತೆ ತರುತ್ತಿದ್ದಳು. ಆ ದಿನಗಳಲ್ಲಿ ನಾನು ಗಣಪತಿಗೆ ಹರಕೆ ಹೊತ್ತೆ. ವಿಜ್ಞಾನ ಕಲಿಸುವವಳು ಹರಕೆ ಹೊರುವುದು ನಗೆಪಾಟಲು ಎನ್ನುವವರು ಎನ್ನಲಿ. ಒಂದು ಬೆಳಗ್ಗೆ ಕಣಗಳು ಏರಲು ಶುರುವಾದವು ಎಂದು ನರ್ಸ್ ಬಂದು ಹೇಳಿದಾಗ ನಾನು ಅವಳ ಕೈ ಹಿಡಿದುಕೊಂಡು ಅತ್ತೆ.

ಬಾಯಿ ಮಾಯತೊಡಗಿದ ಮೇಲೆ ಅಕ್ಕ ಮಾತಾಡಿದಳು. ಅವಳನ್ನು ಕೂರಿಸಿ ಜಡೆ ಹಾಕುತ್ತಿದ್ದೆ. ಬಾಚಣಿಗೆಗೆ ಕೂದಲು ಕಂತೆ ಕಂತೆಯಾಗಿ ಬರುತ್ತಿತ್ತು.

"ಪಪ್ಪಾಯಿ ಹಚ್ಚಿದ ಮಾಂಸ ತೊಳೆದ್ರೆ ಮತ್ತೆ ಗಟ್ಟಿ ಆಗೂದಿಲ್ಲ ಅಲಾ?" ಎಂದಳು.

ನಾನು ಬಾಚುವುದು ನಿಲ್ಲಿಸಿದೆ. "ಇಲ್ಲ ಅಕ್ಕಾ."

"ಹಾಂಗಾರೆ ಮಾತ್ರೆ ಎಂತಕ್ಕೆ?"

"ತೊಳೆದ್ರೆ ಅಲ್ಲಿಗೇ ನಿಲ್ತದೆ. ಹೋದದ್ದು ಬರೂದಿಲ್ಲ. ಇದ್ದದ್ದು ಉಳೀತದೆ."

ಅಕ್ಕ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದಳು, ಬಲಗೈಯದನ್ನೂ ನೋಡಿದಳು. ಬಲಗೈಯ ಹೆಬ್ಬೆರಳು ಚೆನ್ನಾಗಿ ಬಗ್ಗಿತು, ತೋರುಬೆರಳು ಅರ್ಧ. ಉಳಿದವು ಹಾಗೇ ನಿಂತವು. "ಇಷ್ಟಾದ್ರೂ ಉಳೀಲಿ," ಎಂದಳು. ಅವಳು ಅಳಲಿಲ್ಲ, ನನಗೆ ತಡೆಯಲಾಗಲಿಲ್ಲ.

ಚೌತಿಗೆ ಮೊದಲು ಮನೆಗೆ ಕಳಿಸಿದರು. ಮಾತ್ರೆ ಮತ್ತೆ ಯಾವಾಗ ಎನ್ನುವುದನ್ನು ರಕ್ತ ನೋಡಿ ಹೇಳುತ್ತೇವೆ ಎಂದರು. ಶುರು ಮಾಡಿದರೆ ಡಬ್ಬಿ ಸೊಸೆಯ ಹತ್ತಿರ ಇರಬೇಕು, ಮೀನು ತಿಂದರೂ ಸೋಮವಾರ, ತಿನ್ನದಿದ್ದರೂ ಸೋಮವಾರ ಎಂದು ಡಾಕ್ಟರು ಅಕ್ಕನ ಬಾಯಲ್ಲೇ ಹೇಳಿಸಿದರು.

ಹಬ್ಬದ ದಿನ ಸೊಸೆ ಅಚ್ಚಿನಲ್ಲಿ ನೆವ್ರಿ ಒತ್ತುತ್ತಿದ್ದಳು, ನಾನು ಹಾಳೆ ಲಟ್ಟಿಸುತ್ತಿದ್ದೆ. ಅಕ್ಕ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. "ಒಂದು ಇಲ್ಲಿ ಕೊಡು," ಎಂದಳು. ನಾನು ಹೂರಣ ತುಂಬಿ, ಮಡಚಿ, ಅವಳ ಎಡ ಅಂಗೈ ಮೇಲೆ ಇಟ್ಟೆ. ಬಲಗೈಯ ಹೆಬ್ಬೆರಳು ಮತ್ತು ಅರ್ಧ ಬಗ್ಗುವ ತೋರುಬೆರಳಿನಿಂದ ಅವಳು ಅಂಚು ಚಿವುಟಿದಳು, ಎಳೆದಳು, ಮಗುಚಿ ಒತ್ತಿದಳು. ಮತ್ತೊಂದು ಮಡಿಕೆ. ಮತ್ತೊಂದು. ಹಣೆಯ ಮೇಲೆ ಬೆವರು ಮೂಡಿತು. ನಡುವಿನವರೆಗೆ ಬಂದು ಬೆರಳು ನಿಂತಿತು. ಅವಳು ಅದನ್ನು ನನ್ನ ಕೈಗೆ ಕೊಟ್ಟಳು.

"ಉಳಿದದ್ದು ನೀನು ಮಾಡು."

"ನಂಗೆ ಬರೂದಿಲ್ಲ."

"ಬೆರಳೆಲ್ಲ ಸರಿ ಇದೆ ಅಲಾ ನಿಂಗೆ. ಮಾಡು."

ಮಾಡಿದೆ. ನನ್ನ ಮಡಿಕೆಗಳು ಒಂದು ದಪ್ಪ, ಒಂದು ಸಣ್ಣ. ಸೊಸೆ ಅದನ್ನು ಎಣ್ಣೆಗೆ ಬಿಟ್ಟಳು. ಉಬ್ಬಿ ಮೇಲೆ ಬರುತ್ತಲೇ ಒಂದು ಕಡೆ ಬಿರಿದು ಎಳ್ಳು ಬೆಲ್ಲ ಹೊರಚೆಲ್ಲಿ ಸೀದ ವಾಸನೆ ಬಂತು. ಸೊಸೆ ಬದಿಗೆ ತೆಗೆಯಹೋದಳು. "ಬೇಡ, ಅದನ್ನೂ ದೇವರಿಗೆ ಇಡು," ಎಂದಳು ಅಕ್ಕ.

ತಟ್ಟೆಯಲ್ಲಿ ಅಚ್ಚಿನ ನೆವ್ರಿಗಳ ನಡುವೆ ಅದೊಂದು ಇತ್ತು. ನಾನು ಬಗ್ಗಿ ನೋಡಿದೆ. ಬಾಯಿ ಬಿಟ್ಟದ್ದು ನನ್ನ ಕಡೆ. ಅಕ್ಕನ ಕಡೆ ಒಂದು ಮಡಿಕೆಯೂ ಬಿಟ್ಟಿರಲಿಲ್ಲ.