ಬಾಯ್ಲರ್ ಕೋಣೆಯ ಚಕಮಕಿ

ಕಳೆದ ಮಾರ್ಚ್‌ನಲ್ಲಿ ಕೋವಿ ಅಂಗಡಿಯ ಹೊಸ ಮಾಲೀಕರು ಅಲ್ಲಿ ಕೋವಿ ರಿಪೇರಿ ಮಾಡುವ ಅರ್ಲೀನ್ ಕ್ಲೈನ್‌ಫೆಲ್ಟರ್ ಅವರ ಹೆಸರಿನ ಹಲಗೆಯನ್ನು ಬಾಗಿಲಿನಿಂದ ಕಿತ್ತರು. ಇಪ್ಪತ್ತೊಂಬತ್ತು ವರ್ಷ ಕಿಟಕಿ ಪಕ್ಕದಲ್ಲಿದ್ದ ಅವರ ಕೆಲಸದ ಮೇಜನ್ನು ಬಾಯ್ಲರ್ ಕೋಣೆಗೆ ಸಾಗಿಸಿದರು.

ಕ್ರಿಸ್‌ಮಸ್‌ಗೆ ಇನ್ನು ನಾಲ್ಕೇ ದಿನ. ಪೆನ್ಸಿಲ್ವೇನಿಯಾದ ಗುಡ್ಡಗಳ ನೆತ್ತಿಯಲ್ಲಷ್ಟೇ ಬೆಳಕು. ಅಂಗಡಿಯ ಹಿತ್ತಲ ಹಿಮದಲ್ಲಿ ಅರವತ್ಮೂರರ ಅರ್ಲೀನ್ ಚಕಮಕಿ ಕೋವಿಯೊಂದನ್ನು ಕೆನ್ನೆಗೊತ್ತಿ ನಿಂತಿದ್ದಾರೆ. ಕೋವಿಯ ಕುದುರೆ ಬೀಳುತ್ತದೆ, ಅದು ಕಚ್ಚಿದ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಉದುರುತ್ತದೆ, ಪಕ್ಕದ ಪುಟ್ಟ ಬಟ್ಟಲ ಮದ್ದು ಬುಸ್ಸೆನ್ನುತ್ತದೆ, ಈಡು ಹಾರುತ್ತದೆ. ಗುರಿಹಲಗೆಯತ್ತ ಅವರು ನೋಡುವುದೇ ಇಲ್ಲ. ಅವರದು ಕಿವಿಯ ಕೆಲಸ.

"ಬುಸ್ ಒಂದ್ಸಲ, ಢಂ ಒಂದ್ಸಲ ಕೇಳಿದ್ರೆ ಕೆಟ್ಟಿದೆ ಅಂತ. ಎರಡೂ ಒಂದೇ ಸದ್ದಾಗ್ಬೇಕು. ಮಧ್ಯದಲ್ಲಿ ಜಿಂಕೆ ನಮಗೋಸ್ಕರ ಕಾಯ್ತಾ ಕೂರತ್ತಾ?"

ಕ್ರಿಸ್‌ಮಸ್ ಮರುದಿನದಿಂದ ಇಲ್ಲಿ ಚಕಮಕಿ ಕೋವಿಯವರದ್ದೇ ಬೇಟೆ. ಜಿಂಕೆ ಬೇಟೆಗೆ ಬೇರೆ ಕೋವಿ ಒಯ್ಯಲು ಆಗ ಕಾನೂನು ಬಿಡದು. ಈ ವಾರ ದಿನಕ್ಕೆ ಹನ್ನೊಂದು ಕೋವಿ ಅವರ ಕೈ ದಾಟುತ್ತವೆ. ನೂರನಲವತ್ತು ಕಲ್ಲುಗಳಿಗೆ ಚರ್ಮದ ತುಂಡು ಸುತ್ತಿ ಬಿಗಿದು ಹೆಬ್ಬೆರಳಿನ ಗೆಣ್ಣು ಮಡಚುವುದನ್ನೇ ಮರೆತಿದೆ. ಗಣಿ ಕೂಲಿಯಾಗಿದ್ದ ಅಪ್ಪ ಅಡುಗೆಮನೆ ಮೇಜಿನ ಮೇಲೆ ಕಲಿಸಿದ ವಿದ್ಯೆ ಇದು. ತಾವು ದುಡಿಯುತ್ತಿದ್ದ ಕಾಲುಚೀಲದ ಕಾರ್ಖಾನೆ ಬಾಗಿಲು ಹಾಕಿದಾಗ ಹೊಟ್ಟೆಪಾಡಾಯಿತು. ಅಂಗಡಿಯ ಗೋಡೆ ತುಂಬ ಬೇಟೆಗಾರರ ಫೋಟೊಗಳಿವೆ, ಕೊಂಬುಗಳ ಅಳತೆ ಕೂಡ ಇದೆ. ಕಿಡಿ ಹೊತ್ತುವಂತೆ ಮಾಡಿದವಳ ಹೆಸರು ಎಲ್ಲಿಯೂ ಇಲ್ಲ. ಅರ್ಲೀನ್‌ಗೆ ನಗು: "ಬಾಯ್ಲರ್ ಪಕ್ಕ ಕೂತ್ಮೇಲೆ ಕೀಲುನೋವು ಕಮ್ಮಿ ಆಗಿದೆ. ಮಾಲೀಕರಿಗೆ ಥ್ಯಾಂಕ್ಸ್ ಹೇಳ್ಬೇಕು."

ಹಳೆಯ ಚಕಮಕಿ ಕೋವಿಯೋ, ಕಲ್ಲಿನ ಬದಲು ಕೇಪಿನಿಂದ ಸಿಡಿಯುವ ಹೊಸ ಇನ್‌ಲೈನೋ ಎಂದು ಕೇಳಿದವರಿಗೆ ಅವರದು ಒಂದೇ ಮರುಪ್ರಶ್ನೆ: "ಯಾವ ತಿಂಗಳು?" ನರ್ಸ್ ಬರ್ನೀಸ್‌ಗೆ ಇನ್‌ಲೈನನ್ನೇ ಕೊಡಿಸಿದವರು ಅವರು. "ನೀನು ಅಕ್ಟೋಬರಲ್ಲಿ ಹೋಗೋಳು, ಆಗ ಇನ್‌ಲೈನೂ ನಡೆಯತ್ತೆ, ಕಣ್ಣು ಬೇರೆ ಆಪರೇಷನ್ ಆಗಿದೆ. ದುರ್ಬೀನು ಕೂರಿಸ್ಕೊಳ್ಳೋ ಕೋವಿನೇ ತಗೋ. ಮಳೆಗೂ ಅಷ್ಟು ಅಂಜಲ್ಲ, ಹಿಂದಿನ ತಿರುಪು ಬಿಚ್ಚಿದ್ರೆ ತೊಳೆಯೋದೂ ಸಲೀಸು. ಅಜ್ಜನ ಕಾಲದ್ದೇ ಬೇಕು ಅಂತ ಹಟ ಮಾಡ್ಬೇಡ ತಾಯಿ."

ಮೇಜಿನ ಮೇಲೊಂದು ಉಪ್ಪಿನಕಾಯಿ ಜಾಡಿ. ಮದ್ದು ಹಾಕುವುದನ್ನೇ ಮರೆತು ಬರೀ ಗುಂಡು ಜಡಿದವರ ಕೋವಿಯಿಂದ ಅರ್ಲೀನ್ ತಿರುಪುಕೋಲಿನಲ್ಲಿ ಎಳೆದು ತೆಗೆದ ಸೀಸದ ಗುಂಡುಗಳು ಅದರಲ್ಲಿವೆ, ಹೆಸರಿನ ಚೀಟಿ ಸಮೇತ. ಪಾದ್ರಿಯದೊಂದು, ನ್ಯಾಯಾಧೀಶರದೆರಡು. ಶಾಲಾ ಬಸ್ಸಿನ ಚಾಲಕ ರಾಯ್ ಸ್ನೇವ್ಲಿಯದು ಮೂರು.

ಆ ರಾಯ್ ಈಗ ಬಾಯ್ಲರ್ ಕೋಣೆಯ ಬಾಗಿಲಲ್ಲಿದ್ದಾನೆ. ಕೈಯಲ್ಲಿ ಅಜ್ಜನ ಚಕಮಕಿ ಕೋವಿ.

"ನಾಲ್ಕನೇದು ತಂದ್ಯಾ?" ಅರ್ಲೀನ್ ಜಾಡಿಯ ಮುಚ್ಚಳ ತೆಗೆಯುತ್ತಾರೆ.

"ಮಾನ ತೆಗೀಬೇಡ ಮಾರಾಯ್ತಿ. ಕಿಡೀನೇ ಬರ್ತಿಲ್ಲ. ಇಪ್ಪತ್ತಾರಕ್ಕೆ ಬೇಟೆಗೆ ಹೋಗ್ಬೇಕು. ಹೊಸದೇ ತಗೊಳ್ಳೋದಾ ಅಂತ."

ಹಿಂದೆಯೇ ಮ್ಯಾನೇಜರ್ ಕೀತ್ ಬರುತ್ತಾನೆ. ಹಳೆಯ ಕೋವಿ ತಂದವರಿಗೆ ರಿಪೇರಿಯಾಗದೆಂದು ಹೇಳಿ ಇನ್‌ಲೈನ್ ಕಪಾಟು ತೋರಿಸಬೇಕೆಂಬುದು ನಿನ್ನೆ ಸಂಜೆ ಬಂದ ಮಾಲೀಕರ ಅಪ್ಪಣೆ. ಮೀರಿದರೆ ಅರ್ಲೀನ್‌ಗೆ ಬಾಯ್ಲರ್ ಕೋಣೆಯ ಮೇಜೂ ಇಲ್ಲ.

ಅರ್ಲೀನ್ ಕುದುರೆ ಎಳೆದು ನೋಡುತ್ತಾರೆ. ಕಲ್ಲು ಮೊಂಡು, ಚರ್ಮ ಸಡಿಲ. ಐದು ನಿಮಿಷದ ಕೆಲಸ.

"ಅರ್ಲೀನ್, ಅವರಿಗೆ ಹೇಳಿ," ಎನ್ನುತ್ತಾನೆ ಕೀತ್. "ಇದು ರಿಪೇರಿ ಆಗಲ್ಲ ಅಂತ."

"ಇಪ್ಪತ್ತಾರಕ್ಕೆ ಇನ್‌ಲೈನ್ ಹಿಡ್ಕೊಂಡು ಕಾಡಿಗೆ ಹೋದ್ರೆ ಗಾರ್ಡು ಇವನನ್ನೇ ಬೇಟೆ ಆಡ್ತಾನೆ. ಗೊತ್ತಾ ನಿಮಗೆ?"

"ನಿಮಗೆ ಹೇಳಿದಷ್ಟು ಹೇಳಿ."

ಅರ್ಲೀನ್ ಹೊಸ ಕಲ್ಲಿಗೆ ಚರ್ಮ ಸುತ್ತುತ್ತಾರೆ. ಮಡಚದ ಹೆಬ್ಬೆರಳಿನಿಂದ ಒತ್ತಿಹಿಡಿದು ತಿರುಪು ಬಿಗಿಯುತ್ತಾರೆ. ಕುದುರೆ ಬಿಟ್ಟರೆ ಬರಿಬಟ್ಟಲಿಗೆ ಹಿಡಿ ಕಿಡಿ ಸುರಿಯುತ್ತದೆ.

"ಹೇಳಲ್ಲ, ಕೀತ್," ಎನ್ನುತ್ತಾರೆ, ಕೋಟು ಹಾಕಿಕೊಳ್ಳುತ್ತ. "ರಾಯ್, ಹಿತ್ತಲಿಗೆ ನಡಿ. ಈ ಸಲನಾದ್ರೂ ಮದ್ದು ಮೊದಲು ಹಾಕು."