ಎಲ್ಲ ದೇಶದವರೂ ಆಗಿದ್ದ ಅಕ್ಕ

ಹಿಮ್ಮಡಿ ಒಡೆದು ನಡೆಯುವುದೇ ಕಷ್ಟವಾಗಿ ಮೊನ್ನೆ ಔಷಧಿ ಅಂಗಡಿಯಿಂದ ಪೆಟ್ರೋಲಿಯಂ ಜೆಲ್ಲಿಯ ಸಣ್ಣ ಡಬ್ಬಿಯೊಂದನ್ನು ತಂದೆ. ಅದಕ್ಕೆ ವಾಸನೆಯೇ ಇಲ್ಲ ಎನ್ನುತ್ತಾರೆ. ಇದೆ. ಸ್ವಲ್ಪ ಮೇಣ, ಸ್ವಲ್ಪ ಸೀಮೆಎಣ್ಣೆ, ಮತ್ತೆ ಬಿಸಿಲಿಗೆ ಕಾದ ಮುಖದ ವಾಸನೆ... ಮುಚ್ಚಳ ತೆಗೆದವಳು ಹಿಮ್ಮಡಿಯನ್ನು ಮರೆತು ಹಾಗೇ ಕುಳಿತುಬಿಟ್ಟೆ. ಪಕ್ಕದ ಖೋಲಿಯ ಅಕ್ಕ ಕನ್ನಡಿಯ ಮುಂದೆ ನಿಂತು ಹುಬ್ಬು, ಕೆನ್ನೆ, ಮೂಗಿನ ಮೇಲೆಲ್ಲ ಇದನ್ನೇ ಮೆತ್ತಿಕೊಳ್ಳುತ್ತಿದ್ದಳು. ಏಟು ಜಾರಲಿ, ಚರ್ಮ ಒಡೆಯದಿರಲಿ ಎಂದು ಬಾಕ್ಸಿಂಗಿನವರು ಹಚ್ಚಿಕೊಳ್ಳುವುದು. ನಮ್ಮ ಚಾಳಿನ ಹೆಂಗಸರಿಗೆ ಅದೆಲ್ಲ ಎಲ್ಲಿ ಗೊತ್ತು? ಬೆಳ್ಳಗಾಗಲು ಹಚ್ಚಿಕೊಳ್ಳುತ್ತಾಳೆ ಎಂದುಕೊಂಡು ಒಬ್ಬಿಬ್ಬರು ತಾವೂ ಹಚ್ಚಿಕೊಂಡು ನೋಡಿದರು. ನಾನೂ ನೋಡಿದೆ, ಸುಳ್ಳೇಕೆ ಹೇಳಲಿ.

ನಾವೆಲ್ಲ ವಿಜಯಪುರದ ಕಡೆಯಿಂದ ಬಂದವರು. ಕೊಂಕಣಿ ಸೀಮೆಯ ಕಡಲತೀರದ ಊರು ಕಾಣಕೋಣದಲ್ಲಿ ತೆಂಗಿನ ತೋಪಿನ ಹಿಂದೆ ಸಾಲಾಗಿ ಕಟ್ಟಿದ ಬಾಡಿಗೆ ಖೋಲಿಗಳಲ್ಲಿದ್ದೆವು. ಗಂಡಸರು ಕಟ್ಟಡದ ಕೆಲಸಕ್ಕೆ ಹೋದರೆ ಹೆಂಗಸರು ಕನ್ನಡಿ ಹಚ್ಚಿದ ಚೀಲ, ಮಣಿಸರ, ಕಾಲ್ಗೆಜ್ಜೆಗಳನ್ನು ಹೆಗಲಿಗೆ ಹಾಕಿಕೊಂಡು ಕಡಲತೀರಕ್ಕೆ ಹೋಗುತ್ತಿದ್ದೆವು. ಆ ವ್ಯಾಪಾರದಲ್ಲಿ ಮೊದಲು ಕಲಿಯಬೇಕಾದದ್ದು ದರ ಹೇಳುವುದನ್ನಲ್ಲ, ನಡಿಗೆ ನೋಡುವುದನ್ನು. ದೂರದಿಂದ ಬರುತ್ತಿರುವ ಗಿರಾಕಿ ಯಾವ ದೇಶದವರೆಂದು ಹತ್ತಿರ ಬರುವ ಮೊದಲೇ ತಿಳಿಯಬೇಕು. ರಷ್ಯದವರಿಗೆ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದರೆ ಮುಖ ಸಿಂಡರಿಸಿಕೊಂಡು ಮುಂದೆ ಹೋಗುತ್ತಾರೆ, ಅವರ ಭಾಷೆಯಲ್ಲೇ ಕರೆದರೆ ನಿಲ್ಲುತ್ತಾರೆ. ಮರಳಿನಲ್ಲಿ ಪಾದ ಹೇಗೆ ಊರುತ್ತಾರೆ, ಭುಜ ಮುಂದೋ ಹಿಂದೋ, ಕೈ ಬೀಸುತ್ತಾರೋ ಜೇಬಿನಲ್ಲಿಡುತ್ತಾರೋ... ನಮಗೆಲ್ಲ ಅದು ತಕ್ಕಮಟ್ಟಿಗೆ ಬರುತ್ತಿತ್ತು. ಅಕ್ಕನಿಗೆ ಬರುತ್ತಿದ್ದದ್ದೇ ಬೇರೆ. ಅವಳು ನೋಡಿ ಸುಮ್ಮನಿರುತ್ತಿರಲಿಲ್ಲ, ಅವರೇ ಆಗಿಬಿಡುತ್ತಿದ್ದಳು.

ಮಧ್ಯಾಹ್ನ ಗಿರಾಕಿಗಳಿಲ್ಲದಾಗ ತೆಂಗಿನ ನೆರಳಿನಲ್ಲಿ ಕುಳಿತು ನಾವು ರೊಟ್ಟಿ ತಿನ್ನುತ್ತಿದ್ದರೆ ಅವಳು ಎದ್ದು ನಾಲ್ಕು ಹೆಜ್ಜೆ ನಡೆದು ತೋರಿಸುವಳು. ಮೈಮೇಲಿನ ಸೀರೆ ಅದೇ, ಹಣೆಯ ಕುಂಕುಮ ಅದೇ, ಆದರೆ ನಡೆಯುತ್ತಿದ್ದವಳು ಯಾವಳೋ ಜರ್ಮನಿಯ ಮುದುಕಿ. ನಗುತ್ತ ನಗುತ್ತ ನಮಗೆ ತುತ್ತು ನೆತ್ತಿಗೇರುತ್ತಿತ್ತು. ಅವಳ ಅವ್ವ ಮಾತ್ರ ಗೊಣಗುವಳು, "ನಿಂದಂತ ಒಂದು ನಡಗಿ ಐತೋ ಇಲ್ಲೋ, ಹುಚ್ಚಿ?" ಅದನ್ನು ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಫಾತೋರ್ಡಾದ ಕಡೆಯಿಂದ ಬಾಕ್ಸಿಂಗ್ ಕಲಿಸುವ ಸರ್ ಒಬ್ಬರು ತಮ್ಮ ಹುಡುಗಿಯರನ್ನು ಮರಳಿನಲ್ಲಿ ಓಡಿಸಲು ಕರೆತರುತ್ತಿದ್ದರು. ಓಡಿ ಮುಗಿದ ಮೇಲೆ ಆ ಹುಡುಗಿಯರು ಇಬ್ಬಿಬ್ಬರಾಗಿ ಎದುರುಬದುರು ನಿಂತು ಕೈ ಆಡಿಸುವರು. ಅಕ್ಕ ಹಿಂದೆ ನಿಂತು ಒಬ್ಬೊಬ್ಬಳ ಹಾಗೆ ಮಾಡಿ ತೋರಿಸಿ ನಮ್ಮನ್ನು ನಗಿಸುತ್ತಿದ್ದಳು. ಸರ್ ತಿರುಗಿ ನೋಡಿದರು. ಬೈಯುತ್ತಾರೆಂದು ನಾವು ಚೀಲ ಎತ್ತಿಕೊಂಡೆವು. ಅವರು "ಗೋ, ಹಾಂಗಾ ಯೋ" ಎಂದು ಕೊಂಕಣಿಯಲ್ಲಿ ಅವಳನ್ನು ಹತ್ತಿರ ಕರೆದು ಇನ್ನೊಮ್ಮೆ ಮಾಡು ಎಂದರು. ಮಾಡಿದಳು. ಅವರ ಮುಖದಲ್ಲಿ ನಗು ಬರಲೇ ಇಲ್ಲ. ಮುಂದಿನ ವಾರ ಅಕ್ಕ ಬಸ್ಸು ಹತ್ತಿ ಫಾತೋರ್ಡಾಕ್ಕೆ ಹೋದಳು.

ಅವಳು ಚೆನ್ನಾಗಿ ಕಲಿತಳು, ರಾಜ್ಯದ ಪಂದ್ಯಗಳಲ್ಲಿ ಗೆದ್ದಳು. ಎಲ್ಲ ಹೇಳುತ್ತ ಹೋದರೆ ಇದು ಬೇರೆಯೇ ಕಥೆಯಾದೀತು. ಕೆಲವು ವರ್ಷಗಳ ನಂತರ ಉತ್ತರದಲ್ಲಿ ನಡೆಯುವ ರಾಷ್ಟ್ರೀಯ ಶಿಬಿರಕ್ಕೆ ಅವಳನ್ನು ಕರೆಸಿಕೊಂಡರು. ಚಾಳಿನಲ್ಲಿ ಸಿಹಿ ಹಂಚಿದೆವು. ಭಾರತದ ಪರವಾಗಿ ಆಡಲು ಕರೆಸಿದ್ದಾರೆ ಎಂದೇ ನಾವು ತಿಳಿದದ್ದು. ಅವಳನ್ನು ಕರೆಸಿದ್ದು ಎದುರಾಳಿಯಾಗಲು.

ಅವಳ ತೂಕದ ವಿಭಾಗದಲ್ಲಿ ದೇಶಕ್ಕೆ ಒಬ್ಬಳೇ ದೊಡ್ಡ ಆಟಗಾರ್ತಿ ಇದ್ದಳು. ಅಕ್ಕ ಅವಳನ್ನು ಹೆಸರಿನಿಂದ ಕರೆದದ್ದು ನಾನು ಕೇಳಿಲ್ಲ, ಯಾವಾಗಲೂ "ನಂಬರ್ ಒನ್" ಎನ್ನುತ್ತಿದ್ದಳು. ಆ ನಂಬರ್ ಒನ್ ಹೊರದೇಶಕ್ಕೆ ಆಡಲು ಹೋಗುವ ಮೊದಲು ಅಲ್ಲಿ ಎದುರಾಗುವವರ ಹಳೆಯ ಪಂದ್ಯಗಳನ್ನು ಅಕ್ಕನಿಗೆ ತೋರಿಸುವರು. ಎರಡು ಮೂರು ಸಲ ನೋಡಿ ಅಕ್ಕ ಕೈಗವಸು ಹಾಕಿಕೊಂಡು ರಿಂಗಿನೊಳಗೆ ಹೋಗುವಳು. ಈ ವಾರ ಉಜ್ಬೇಕಿನವಳು, ಮುಂದಿನ ವಾರ ಐರ್ಲೆಂಡಿನವಳು, ಆಮೇಲೆ ಕಝಾಕಿನವಳು. ನಂಬರ್ ಒನ್ ಅವಳನ್ನು ಹೊಡೆದು ಹೊಡೆದು ಕಲಿತುಕೊಂಡು ವಿಮಾನ ಹತ್ತುವಳು. ಪದಕದೊಂದಿಗೆ ಮರಳಿದಾಗ ವಿಮಾನ ನಿಲ್ದಾಣದಲ್ಲಿ ಹೂವಿನ ಹಾರ, ಡೋಲು. ಅಕ್ಕ ಫೋನಿನಲ್ಲಿ ನಗುತ್ತಿದ್ದಳು, "ಪಾಸ್‌ಪೋರ್ಟ್ ಇಲ್ಲದೇ ಎಲ್ಲಾ ದೇಶಕ್ಕೂ ಹೋಗಿ ಬಂದೆ ನೋಡ!"

ನಗುವೇನೋ ನಗುವೇ. ಆದರೆ ರಜೆಗೆ ಬಂದಾಗ ಒಂದು ಸಂಜೆ ಬಟ್ಟೆ ಮಡಚುತ್ತ ಅವಳು ನನಗೆ ಹೇಳಿದಳು, "ಒಲಿಂಪಿಕ್ಕಿನ ಅರ್ಹತಾ ಪಂದ್ಯಕ್ಕ ಆರಿಸೂ ಟ್ರಯಲ್ ಬರಾಕತ್ತೈತಿ. ಒಂದ ಸಲ, ಒಂದೇ ಸಲರೆ ಬೆನ್ನ ಮ್ಯಾಲೆ ನನ್ನ ಹೆಸರು ಹಾಕ್ಕೊಂಡು ನಾನಾಗೇ ಆಡಬೇಕವಾ. ಸೋತ್ರೂ ಅಡ್ಡಿಯಿಲ್ಲ." ಅಲ್ಲಿಯವರೆಗೂ ಅವಳು ತನಗಾಗಿ ಏನನ್ನೂ ಬೇಡಿದವಳಲ್ಲ. ಒಂದು ಒಳ್ಳೆಯ ಚಪ್ಪಲಿಯನ್ನೂ.

ಟ್ರಯಲ್ಲಿಗೆ ನಾನು ಹೋಗಿರಲಿಲ್ಲ, ಅಷ್ಟು ದೂರ ಯಾರು ಹೋಗುತ್ತಾರೆ? ಆ ದಿನ ಬೆಳಿಗ್ಗೆಯಿಂದ ವ್ಯಾಪಾರಕ್ಕೂ ಹೋಗದೆ ಫೋನು ಹಿಡಿದು ಕುಳಿತಿದ್ದೆ. ಫೋನು ಬರಲಿಲ್ಲ. ಕೆಲವು ದಿನಗಳ ಮೇಲೆ ಅವಳೇ ಬಂದಳು, ಮೂಗಿನ ಮೇಲೆ ಪಟ್ಟಿ ಅಂಟಿಸಿಕೊಂಡು. ಅವಳ ಅವ್ವ ಮೊದಲು ಅನ್ನ ಹಾಕಿದಳು. ಉಂಡು ಕೈ ತೊಳೆದುಕೊಂಡು ಬಂದು ಹೊಸ್ತಿಲ ಮೇಲೆ ಕುಳಿತು ಅಕ್ಕ ಹೇಳಿದಳು.

"ಮೊದಲನೇ ಸುತ್ತು ನಂದ ಇತ್ತು. ಖರೇನ ನಂದು. ನಂಬರ್ ಒನ್ನಿಗೆ ನಾ ಯಾರಂತ ತಿಳೀಲೇ ಇಲ್ಲ, ಕಣ್ಣು ಪಿಳಿಪಿಳಿ ಬಿಟ್ಟಳು. ಎರಡನೇದ್ರಾಗ ಮೂಗಿಗೆ ಒಂದು ಬಿತ್ತು. ಅಂಜಿಕಿ ಬಂತು ನೋಡ... ಅಂಜಿಕಿ ಬಂದ ಕೂಡ್ಲೆ ಮೈ ತಂತಾನ ಆ ಕಝಾಕಿನಾಕಿ ಆತು. ಎಷ್ಟು ತಿಂಗಳು ಆಕಿಯಾಗೇ ನಿಂತಿದ್ದೆ. ಆಕೀನ್ನ ಹೆಂಗ ಸೋಲಸೂದು ಅಂತ ನಂಬರ್ ಒನ್ನಿಗೆ ಕಲಿಸಿದಾಕಿ ನಾನ ಅಲ್ಲೇನು?"

ಅವಳು ಅಳಲಿಲ್ಲ. ನನಗೆ ಮಾತ್ರ ಸಿಟ್ಟು ಬಂದಿತ್ತು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಹುಡುಕಿದರೆ ಯಾರೂ ಸಿಗಲಿಲ್ಲ. ಹುಡುಗಿಯ ಮೈಯೇ ಹುಡುಗಿಗೆ ಮೋಸ ಮಾಡಿದರೆ ಯಾರನ್ನು ಬೈಯುವುದು?

ಅರ್ಹತಾ ಪಂದ್ಯವನ್ನು ಚಾಳಿನ ಅಂಗಳದಲ್ಲಿ ಒಂದೇ ಮೊಬೈಲಿನಲ್ಲಿ ಎಲ್ಲರೂ ನೋಡಿದೆವು. ನೋಡುವುದು ಬೇಡವೆಂದು ನಾನು ಹೇಳಿದ್ದೆ, ಅಕ್ಕನೇ ಹಟ ಮಾಡಿದಳು. ಗೆದ್ದರೆ ಒಲಿಂಪಿಕ್ಕಿಗೆ ಹೋಗುವ ಆ ಪಂದ್ಯದಲ್ಲಿ ನಂಬರ್ ಒನ್ನಿನ ಎದುರು ನಿಂತವಳು ನಿಜವಾದ ಕಝಾಕಿನವಳೇ! ಅಕ್ಕ ಮೊಬೈಲಿನ ಹತ್ತಿರ ಮುಖವಿಟ್ಟು ಪಿಸುಗುಡುತ್ತಿದ್ದಳು, "ಈಗ ತಲಿ ಬಗ್ಗಸ್ತಾಳ... ಈಗ ಎಡಕ್ಕ ಬರ್ತಾಳ..." ಅವಳು ಹೇಳಿದ ಮೇಲೆಯೇ ಕಝಾಕಿನವಳು ಬಗ್ಗುವಳು, ಎಡಕ್ಕೆ ಬರುವಳು. ಬಂದಲ್ಲೆಲ್ಲ ನಂಬರ್ ಒನ್ನಿನ ಏಟು ಕಾದು ಕುಳಿತಿರುವುದು. ನಂಬರ್ ಒನ್ ಗೆದ್ದಳು. ಮೊಬೈಲಿನಲ್ಲಿ ಧ್ವಜ ತೋರಿಸಿದರು, ಚಾಳಿನ ಗಂಡಸರು ಸೀಟಿ ಹೊಡೆದರು. ಅಕ್ಕ ಚಪ್ಪಾಳೆ ತಟ್ಟಿದಳು, ಎಲ್ಲರಿಗಿಂತ ಜೋರಾಗಿ. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು.

ಆ ಮಳೆಗಾಲದಲ್ಲಿ ನಡೆದದ್ದೊಂದಿದೆ. ನಡೆಯಿತೋ ನಾನೇ ಕನಸು ಕಂಡೆನೋ ಎಂದು ಈಗ ಒಮ್ಮೊಮ್ಮೆ ಅನುಮಾನ ಬರುತ್ತದೆ. ಮಳೆಗಾಲಕ್ಕೆಂದು ಪ್ರವಾಸಿಗರ ಗುಡಿಸಲುಗಳನ್ನೆಲ್ಲ ಬಿಚ್ಚಿಟ್ಟು ಕಡಲತೀರ ಬರಿದಾಗಿತ್ತು. ಬೆಳಗಿನ ಮಳೆ ನಿಂತು ಸಮುದ್ರ, ಆಕಾಶ, ಮರಳು ಎಲ್ಲವೂ ಒಂದೇ ಬೂದು ಬಣ್ಣಕ್ಕೆ ಬಂದಿದ್ದವು. ನಾನು ಮತ್ತು ಅಕ್ಕ ಸುಮ್ಮನೆ ನಡೆದಿದ್ದೆವು. "ಆ ಮೊದಲನೇ ಸುತ್ತು ಹೆಂಗ ಆಡಿದಿ? ಯಾರೂ ನೋಡಿಲ್ಲಲ್ಲ ನಮ್ಮ ಪೈಕಿ," ಎಂದೆ. ಅವಳು ಅತ್ತ ಇತ್ತ ನೋಡಿದಳು. ಸೆರಗು ಸುತ್ತಿ ಸಿಕ್ಕಿಸಿಕೊಂಡು ಒದ್ದೆ ಮರಳಿನ ಮೇಲೆ ಹೋಗಿ ನಿಂತಳು.

ಆಮೇಲೆ ಆಡಿದಳು. ಎದುರಿಗೆ ಯಾರೂ ಇಲ್ಲ, ಬರೀ ಸಮುದ್ರ. ಅದು ರಷ್ಯದವಳಲ್ಲ, ಕಝಾಕಿನವಳಲ್ಲ, ಜರ್ಮನಿಯ ಮುದುಕಿಯೂ ಅಲ್ಲ. ಬಹಳ ಮೆಲ್ಲಗೆ ಇದ್ದ ಹಾಗೆ ನೆನಪು... ಅಥವಾ ತುಂಬ ವೇಗವಾಗಿತ್ತೋ ಏನೋ. ಅವಳ ಹೆಜ್ಜೆಯ ಗುರುತಿನಲ್ಲಿ ನೀರು ತುಂಬಿ ತುಂಬಿ ಇಂಗುತ್ತಿತ್ತು. ಮುಖದಲ್ಲಿ ನಗು ಇರಲಿಲ್ಲ, ಬಿಗುವೂ ಇರಲಿಲ್ಲ, ಒಲೆಯ ಮುಂದೆ ಒಬ್ಬಳೇ ಕುಳಿತಾಗ ಇರುತ್ತದಲ್ಲ, ಆ ಮುಖ. ಇಷ್ಟು ದಿನ ಇವಳು ಎಲ್ಲಿದ್ದಳು ಎಂದು ನನಗೆ ಅನಿಸಿತು. ಮುಗಿಸಿ ಬಂದು ನನ್ನ ಭುಜಕ್ಕೆ ಒರಗಿ ಉಸಿರುಬಿಟ್ಟಳು. "ಇಷ್ಟ ನೋಡ ನಂದು," ಎಂದಳು. ಮಳೆ ಮತ್ತೆ ಶುರುವಾಗಿ ಇಬ್ಬರೂ ಮನೆಗೆ ಓಡಿದೆವು.

ಶಿಬಿರದಿಂದ ಮತ್ತೆ ಕರೆ ಬಂತು, ಅವಳು ಹೋಗಲಿಲ್ಲ. ಮುರ್ಮುಗಾಂವ್ ಬಂದರಿನಲ್ಲಿ ಸರಕು ಇಳಿಸುವ ಕೆಲಸದ ಒಬ್ಬ ಒಳ್ಳೆಯ ಮನುಷ್ಯನನ್ನು ಮದುವೆಯಾಗಿ ಅಲ್ಲಿಗೆ ಹೋದಳು. ಒಂದು ಹೆಣ್ಣು ಮಗು ಆಯಿತು. ಹಬ್ಬಕ್ಕೆ ಬಂದಾಗ ಚಾಳಿನವರು ಒತ್ತಾಯಿಸಿದರೆ ನಡಿಗೆಗಳನ್ನು ಮಾಡಿ ನಗಿಸುವಳು, ಬಾಕ್ಸಿಂಗಿನ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಮಗು ಇನ್ನೂ ಚಿಕ್ಕದಿದ್ದಾಗಲೇ ಒಂದು ಮಳೆಗಾಲದ ಜ್ವರ ಅವಳನ್ನು ಕರೆದುಕೊಂಡು ಹೋಯಿತು. ಅಷ್ಟೊಂದು ಏಟು ತಿಂದು ಎದ್ದು ನಿಂತವಳು ಸೊಳ್ಳೆ ಕಚ್ಚಿದ್ದಕ್ಕೆ ಹೋಗುವುದೆಂದರೆ... ನನಗೆ ಇವತ್ತಿಗೂ ದೇವರ ಮೇಲೆ ಆ ಸಿಟ್ಟು ಹೋಗಿಲ್ಲ.

ಈಗ ಆ ಮಗಳು ಶಾಲೆಯ ರಜೆಗೆ ನನ್ನ ಮನೆಗೆ ಬಂದಿದ್ದಾಳೆ. ಮತ್ತೆ ಒಲಿಂಪಿಕ್ಕಿನ ಮಾತು ಶುರುವಾಗಿದೆ, ನಮ್ಮ ಹುಡುಗಿಯರಲ್ಲಿ ಯಾರು ಯಾರಿಗೆ ಅವಕಾಶ ಸಿಗಬಹುದು ಎಂದು ಟಿವಿಯಲ್ಲಿ ದಿನವೂ ಲೆಕ್ಕ ಹಾಕುತ್ತಾರೆ. ಮಗಳು ನನ್ನ ಮೊಬೈಲು ಕಸಿದುಕೊಂಡು ನಂಬರ್ ಒನ್ನಿನ ಹಳೆಯ ಪಂದ್ಯಗಳನ್ನೆಲ್ಲ ಹುಡುಕಿ ಹುಡುಕಿ ನೋಡಿದಳು. ಶಿಬಿರದ ಅಭ್ಯಾಸದ ಒಂದು ತುಣುಕೂ ಸಿಕ್ಕಿತು. ಅದರಲ್ಲಿ ನಂಬರ್ ಒನ್ನಿನ ಮುಖ ಕಾಣುತ್ತದೆ, ಎದುರಿಗೆ ಹೆಲ್ಮೆಟ್ ಹಾಕಿಕೊಂಡ ಒಂದು ಬೆನ್ನು. ಆ ಬೆನ್ನು ನಿಮ್ಮವ್ವನದು ಎಂದು ತೋರಿಸಿದೆ. ಹುಡುಗಿ ಅದನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದಳು. ಬೆನ್ನು ತಿರುಗಲಿಲ್ಲ.

"ಅತ್ತಿ, ನೀವು ನೋಡೀರೇನ್ರಿ ಅವ್ವ ಆಡೂದನ್ನ?"

"ನೋಡೇನಿ."

"ಹೆಂಗ ಆಡ್ತಿದ್ಲು? ಮಾಡಿ ತೋರಸ್ರಿ."

ನಾನು ಎದ್ದು ನಿಂತೆ. ನನ್ನ ವಯಸ್ಸಿಗೆ, ನನ್ನ ಮೈಗೆ, ಯಾರಾದರೂ ನೋಡಿದರೆ ಬಿದ್ದು ಬಿದ್ದು ನಗಬೇಕು. ಸೆರಗು ಸಿಕ್ಕಿಸಿ ಮುಷ್ಟಿ ಕಟ್ಟಿ ಕಣ್ಣು ಮುಚ್ಚಿದೆ. ಬೂದು ಸಮುದ್ರ ಕಂಡಿತು. ಹೆಜ್ಜೆ ಗುರುತಿನ ನೀರು ಕಂಡಿತು. ಅವಳ ಉಸಿರು ಕೂಡ ಭುಜಕ್ಕೆ ತಾಗಿದ ಹಾಗಾಯಿತು. ಕೈ ಎತ್ತಿ ತಲೆ ಬಗ್ಗಿಸಿದೆ, ಎಡಕ್ಕೆ ಬಂದೆ, ಮತ್ತೊಮ್ಮೆ ಬಗ್ಗಿದೆ.

ಹುಡುಗಿ ತಲೆ ಅಲ್ಲಾಡಿಸಿದಳು. "ಇದು ಆ ಕಝಾಕಿನಾಕಿ ಆಟ ಅಲ್ಲೇನ್ರಿ? ಮೊಬೈಲ್‌ನ್ಯಾಗ ನೋಡಿದೆ. ಅವ್ವಂದು ತೋರಸ್ರಿ."

ಇನ್ನೊಮ್ಮೆ ಕೈ ಎತ್ತಿದೆ. ಮೈ ಮತ್ತೆ ಎಡಕ್ಕೇ ವಾಲಿತು, ಕೈ ಇಳಿಸಿದೆ. ಮಗು ಕಾಯುತ್ತಿತ್ತು.

"ಅದು ನನಗ ಬರೂದಿಲ್ಲವಾ," ಎಂದೆ.